ಅಂಬಾಸಿಡರ್ ಡಿಸ್ಟ್ರಿಬ್ಯೂಟರ್: ಬಿಚ್ಚುವುದು, ಜೋಡಿಸುವುದು, ದೋಷ ಹಿಡಿಯುವುದು

ಹಳೇ ಅಂಬಾಸಿಡರ್ ಸ್ಟಾರ್ಟ್ ಆಗಲಿಲ್ಲ ಅಂದರೆ ಬಹಳ ಜನ ಮೊದಲು ಕೈ ಹಾಕುವುದು ಕಾರ್ಬುರೇಟರ್‌ಗೆ. ಬಿಚ್ಚಿ, ತೊಳೆದು, ಊದಿ ಮತ್ತೆ ಕೂರಿಸುತ್ತಾರೆ. ಗಾಡಿ ಮಾತ್ರ ಅಲ್ಲಾಡುವುದಿಲ್ಲ. ಎಷ್ಟೋ ಸಲ ತೊಂದರೆ ಇರುವುದು ಎಂಜಿನ್‌ನ ಇನ್ನೊಂದು ಪಕ್ಕದ ಡಿಸ್ಟ್ರಿಬ್ಯೂಟರ್‌ನಲ್ಲಿ.

ಇಲ್ಲಿ ಹೇಳುತ್ತಿರುವುದು 1489 ಸಿಸಿ ಪೆಟ್ರೋಲ್ ಎಂಜಿನ್ ಇರುವ ಗಾಡಿಗಳ ವಿಷಯ. ಬ್ರಿಟನ್ನಿನ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಎಂಜಿನ್, ಲೂಕಾಸ್ ಮಾದರಿಯ ಡಿಸ್ಟ್ರಿಬ್ಯೂಟರ್. ಆಮೇಲೆ ಬಂದ ಇಸುಜು ಎಂಜಿನ್‌ಗೆ ಈ ಅಳತೆಗಳು ಹೊಂದುವುದಿಲ್ಲ.

ಡಿಸ್ಟ್ರಿಬ್ಯೂಟರ್‌ಗೆ ಇರುವುದು ಎರಡೇ ಕೆಲಸ. ಒಳಗಿನ ಪಾಯಿಂಟ್ (ತೆರೆದು ಮುಚ್ಚುವ ಸಣ್ಣ ಸ್ವಿಚ್) ಸರಿಯಾದ ಹೊತ್ತಿಗೆ ತೆರೆದು ಕಾಯಿಲ್‌ನ ಕರೆಂಟ್ ಕಡಿಯಬೇಕು. ಆಗ ಕಾಯಿಲ್‌ನಲ್ಲಿ ಹುಟ್ಟುವ ಸಾವಿರಾರು ವೋಲ್ಟನ್ನು ಶಾಫ್ಟ್ ತುದಿಯಲ್ಲಿ ತಿರುಗುವ ರೋಟರ್ ಸರಿಯಾದ ಪ್ಲಗ್‌ಗೆ ದಾಟಿಸಬೇಕು.

ಬಿಚ್ಚುವ ಮುಂಚೆ

ಬ್ಯಾಟರಿಯ ವೈರ್ ತೆಗೆಯಿರಿ. ಪ್ಲಗ್ ವೈರ್‌ಗಳು ಸೇರುವ ಮೇಲಿನ ಮುಚ್ಚಳ, ಅಂದರೆ ಕ್ಯಾಪ್ ಎತ್ತುವ ಮೊದಲು ಯಾವ ವೈರ್ ಎಲ್ಲಿತ್ತು ಎಂದು ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. ಡಿಸ್ಟ್ರಿಬ್ಯೂಟರ್ ಬಾಡಿಯ ಕೆಳಗಿನ ಕ್ಲ್ಯಾಂಪ್ ಎಲ್ಲಿ ಕೂತಿದೆ ಎಂದು ಗೀರು ಎಳೆದಿಡಿ. ಪಾಯಿಂಟ್ ಕೂರುವ ಪ್ಲೇಟ್‌ನ ಸ್ಕ್ರೂಗಳು ಬಹಳ ಸಣ್ಣವು, ಒಂದು ಒಳಗೆ ಬಿದ್ದರೆ ಅರ್ಧ ದಿನ ಹೋಯಿತು. ಆದ್ದರಿಂದ ಇಡೀ ಡಿಸ್ಟ್ರಿಬ್ಯೂಟರನ್ನೇ ಹೊರಗೆ ತೆಗೆದು ಟೇಬಲ್ ಮೇಲೆ ಕೆಲಸ ಮಾಡುವುದು ವಾಸಿ. ವಾಪಸ್ ಹಾಕಲು ಭಯ ಬೇಡ. ಶಾಫ್ಟ್ ತುದಿಯ ಕಚ್ಚು ನಡುವಿನಿಂದ ಸ್ವಲ್ಪ ಸರಿದಿರುತ್ತದೆ, ಒಂದೇ ರೀತಿಯಲ್ಲಿ ಕೂರುತ್ತದೆ.

ಟೇಬಲ್ ಮೇಲಿದ್ದಾಗಲೇ ಮೂರು ವಿಷಯ ನೋಡಿ. ಶಾಫ್ಟನ್ನು ಅಡ್ಡಕ್ಕೆ ಅಲ್ಲಾಡಿಸಿ. ಆಟ ಜಾಸ್ತಿ ಇದ್ದರೆ ಶಾಫ್ಟ್ ತಿರುಗುವ ಬುಷ್ (ಲೋಹದ ಕೊಳವೆ) ಸವೆದಿದೆ, ಅದನ್ನು ಬದಲಿಸದೆ ಪಾಯಿಂಟ್‌ನ ಗ್ಯಾಪ್ ಎಷ್ಟು ಸೆಟ್ ಮಾಡಿದರೂ ನಿಲ್ಲುವುದಿಲ್ಲ. ರೋಟರನ್ನು ತಿರುಗುವ ದಿಕ್ಕಿಗೆ ತಿರುಚಿ ಬಿಡಿ. ಒಳಗಿನ ಸ್ಪ್ರಿಂಗ್ ಅದನ್ನು ಟಕ್ಕನೆ ವಾಪಸ್ ತರಬೇಕು. ಪಕ್ಕದ ವ್ಯಾಕ್ಯೂಮ್ ಡಬ್ಬಿಗೆ (ಎಂಜಿನ್ನಿನ ಗಾಳಿ ಎಳೆತದಿಂದ ಪ್ಲೇಟ್ ಸರಿಸುವ ಡಬ್ಬಿ) ಸಣ್ಣ ಟ್ಯೂಬ್ ಹಾಕಿ ಬಾಯಲ್ಲಿ ಗಾಳಿ ಎಳೆದು ನಾಲಿಗೆ ಒತ್ತಿ ಹಿಡಿಯಿರಿ. ಪ್ಲೇಟ್ ಸರಿದು ಅಲ್ಲೇ ನಿಲ್ಲಬೇಕು. ನಿಲ್ಲದಿದ್ದರೆ ಡಬ್ಬಿಯೊಳಗಿನ ಡಯಾಫ್ರಾಮ್ (ತೆಳು ಪೊರೆ) ಹರಿದಿದೆ. ಗಾಡಿ ಓಡುತ್ತದೆ, ಆದರೆ ಪೆಟ್ರೋಲ್ ಕುಡಿಯುತ್ತದೆ.

ಜೋಡಿಸುವಾಗ

ಬೇಸ್ ಪ್ಲೇಟ್ ಕೂರಿಸಿ ಅದರ ಎರಡು ಸ್ಕ್ರೂ ಬಿಗಿ ಮಾಡಿ. ಒಂದು ಸ್ಕ್ರೂನಡಿ ಬರುವ ಅರ್ತ್ ವೈರ್ ಮರೆಯಬೇಡಿ. ಪ್ಲೇಟ್ ಅಲ್ಲಾಡುವಾಗೆಲ್ಲ ಈ ವೈರೂ ಬಾಗುತ್ತದೆ, ಹೊದಿಕೆ ಚೆನ್ನಾಗಿ ಕಂಡರೂ ಒಳಗೆ ತುಂಡಾಗಿರುತ್ತದೆ. ಮೆಲ್ಲಗೆ ಎಳೆದು ನೋಡಿ.

ಮುಂದಿನದು ಪಾಯಿಂಟ್. ತಪ್ಪು ನಡೆಯುವ ಜಾಗ ಇದೇ. ಹಳೇ ಮಾದರಿಯ ಪಾಯಿಂಟ್ ಸೆಟ್‌ನಲ್ಲಿ ಟೋಪಿ ಆಕಾರದ ಪ್ಲಾಸ್ಟಿಕ್ ಬುಷ್ ಒಂದಿರುತ್ತದೆ. ಕಂಡೆನ್ಸರ್‌ನ (ಪಾಯಿಂಟ್ ನಡುವೆ ಕಿಡಿ ಹಾರದಂತೆ ತಡೆಯುವ ಸಣ್ಣ ಡಬ್ಬಿ) ವೈರ್, ಕಾಯಿಲ್‌ನಿಂದ ಬರುವ ವೈರ್, ಎರಡರ ತುದಿಯ ಕಣ್ಣುಗಳೂ ಈ ಬುಷ್ ಮೇಲೆಯೇ ಕೂರಬೇಕು. ಅವು ಪಾಯಿಂಟ್‌ನ ಸ್ಪ್ರಿಂಗಿಗೆ ತಾಗಬೇಕು. ನಡುವಿನ ಕಂಬಕ್ಕಾಗಲಿ, ಮೇಲಿನ ನಟ್‌ಗಾಗಲಿ ತಾಗಬಾರದು. ಒಂದು ಕಣ್ಣು ಕಂಬಕ್ಕೆ ತಾಗಿದರೂ ಕರೆಂಟ್ ನೇರ ಅರ್ತ್ ಆಗುತ್ತದೆ, ಪಾಯಿಂಟ್ ತೆರೆದರೂ ಮುಚ್ಚಿದರೂ ಒಂದೇ. ಹೊಸ ಪಾಯಿಂಟ್ ಹಾಕಿದ ಮೇಲೆ ಗಾಡಿ ಸತ್ತೇಹೋಯಿತು ಅಂದರೆ ಮೊದಲು ಇದನ್ನೇ ನೋಡಿ.

ಈಗ ಗ್ಯಾಪ್. ಪಾಯಿಂಟ್‌ನ ಹಿಮ್ಮಡಿ, ಶಾಫ್ಟ್ ಮೇಲಿನ ಕ್ಯಾಮ್‌ನ ಉಬ್ಬಿನ ತುದಿಗೆ ಬರುವ ತನಕ ಶಾಫ್ಟ್ ತಿರುಗಿಸಿ. ಪಾಯಿಂಟ್‌ನ ಸ್ಕ್ರೂ ಸಡಿಲ ಮಾಡಿ ಫೀಲರ್ ಗೇಜ್‌ನಲ್ಲಿ (ಸಂದು ಅಳೆಯುವ ತೆಳು ಉಕ್ಕಿನ ಎಲೆಗಳು) 0.35ರಿಂದ 0.40 ಮಿ.ಮೀ. ಸೆಟ್ ಮಾಡಿ. ಎಲೆ ಬಿಗಿಯಾಗಿ ಸಿಕ್ಕಿಕೊಳ್ಳಬಾರದು, ಸಡಿಲವಾಗಿ ಆಡಲೂಬಾರದು. ಸ್ಕ್ರೂ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಅಳೆಯಿರಿ, ಬಿಗಿ ಮಾಡುವಾಗ ಅದು ಸರಿಯುವುದುಂಟು. ನಾಲ್ಕೂ ಉಬ್ಬುಗಳಲ್ಲಿ ಅಳೆದರೆ ಇನ್ನೂ ಒಳ್ಳೆಯದು. ಕ್ಯಾಮ್‌ಗೆ ಚಿಟಿಕೆ ಗ್ರೀಸ್, ರೋಟರ್ ಕೆಳಗಿನ ಸ್ಕ್ರೂ ಮೇಲೆ ಎರಡು ಹನಿ ಎಣ್ಣೆ ಸಾಕು. ಪಾಯಿಂಟ್ ಮೇಲೆ ಎಣ್ಣೆ ಬಿದ್ದರೆ ಮಾಡಿದ್ದೆಲ್ಲ ಹಾಳು.

ಟೈಮಿಂಗ್

ಗ್ಯಾಪ್ ಬದಲಾದರೆ ಟೈಮಿಂಗೂ, ಅಂದರೆ ಕಿಡಿ ಹಾರುವ ಗಳಿಗೆಯೂ ಬದಲಾಗುತ್ತದೆ. ಆದ್ದರಿಂದ ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ. ಡಿಸ್ಟ್ರಿಬ್ಯೂಟರನ್ನು ವಾಪಸ್ ಇಳಿಸಿ ಬ್ಯಾಟರಿ ಜೋಡಿಸಿ. ರೇಡಿಯೇಟರ್ ಕಡೆಯದು ಒಂದನೇ ಸಿಲಿಂಡರ್. ಅದರ ಪ್ಲಗ್ ತೆಗೆದು, ತೂತಿಗೆ ಹೆಬ್ಬೆರಳು ಒತ್ತಿ, ಇಗ್ನಿಷನ್ ಆಫ್ ಇದ್ದಾಗ ಹ್ಯಾಂಡಲ್ ತಿರುಗಿಸಿ. ಗಾಳಿ ಬೆರಳನ್ನು ತಳ್ಳಿದಾಗ ಕಂಪ್ರೆಷನ್ ಶುರುವಾಗಿದೆ. ಅಲ್ಲಿಂದ ನಿಧಾನಕ್ಕೆ ತಿರುಗಿಸಿ, ಕ್ರ್ಯಾಂಕ್ ಪುಲ್ಲಿಯ ಗುರುತನ್ನು ನಿಮ್ಮ ಗಾಡಿಯ ಮ್ಯಾನ್ಯುಯಲ್ ಹೇಳುವ ಡಿಗ್ರಿಗೆ ತಂದು ನಿಲ್ಲಿಸಿ.

12 ವೋಲ್ಟ್ ಬಲ್ಬಿನ ಒಂದು ವೈರನ್ನು ಡಿಸ್ಟ್ರಿಬ್ಯೂಟರ್‌ನ ಟರ್ಮಿನಲ್‌ಗೆ, ಇನ್ನೊಂದನ್ನು ಎಂಜಿನ್‌ಗೆ ಕೊಟ್ಟು ಇಗ್ನಿಷನ್ ಆನ್ ಮಾಡಿ. ಮೇಲಿನಿಂದ ನೋಡಿದರೆ ರೋಟರ್ ಗಡಿಯಾರಕ್ಕೆ ಎದುರು ದಿಕ್ಕಿನಲ್ಲಿ ತಿರುಗುತ್ತದೆ. ಬಾಡಿಯನ್ನು ಅದೇ ದಿಕ್ಕಿಗೆ ತಿರುಗಿಸಿ ಬಲ್ಬ್ ಆರಿಸಿ. ಆಮೇಲೆ ನಿಧಾನಕ್ಕೆ ವಾಪಸ್ ತನ್ನಿ. ಬಲ್ಬ್ ಹೊತ್ತಿದ ಕ್ಷಣದಲ್ಲೇ ನಿಲ್ಲಿಸಿ ಕ್ಲ್ಯಾಂಪ್ ಬಿಗಿ ಮಾಡಿ. ಕೆಲಸ ಮುಗಿದ ತಕ್ಷಣ ಇಗ್ನಿಷನ್ ಆಫ್ ಮಾಡಿ, ಸುಮ್ನೆ ಆನ್ ಬಿಟ್ಟರೆ ಕಾಯಿಲ್ ಸುಡುತ್ತದೆ.

ಈಗ ರೋಟರ್ ಮುಖ ಮಾಡಿರುವ, ಕ್ಯಾಪ್‌ನ ಗೂಡಿಗೆ ಒಂದನೇ ಪ್ಲಗ್‌ನ ವೈರ್. ಅಲ್ಲಿಂದ ರೋಟರ್ ತಿರುಗುವ ದಿಕ್ಕಿನಲ್ಲೇ 3, 4, 2. ಎರಡು ವೈರ್ ಅದಲುಬದಲಾದರೆ ಎಂಜಿನ್ ನಡುಗುತ್ತದೆ, ಕಾರ್ಬುರೇಟರ್ ಕಡೆಗೆ ಢಬ್ ಎಂದು ಹೊಡೆಯುತ್ತದೆ.

ಆದರೂ ಸ್ಟಾರ್ಟ್ ಆಗದಿದ್ದರೆ

ಪೆಟ್ರೋಲ್ ವಾಸನೆ ಇಲ್ಲದ ಜಾಗದಲ್ಲಿ ಇದನ್ನು ಮಾಡಿ. ಕ್ಯಾಪ್‌ನ ನಡುವಿನ ವೈರ್ ಕಿತ್ತು, ಪ್ಲಾಸ್ಟಿಕ್ ಹಿಡಿಯ ಇಕ್ಕಳದಲ್ಲಿ ಹಿಡಿದು, ತುದಿಯನ್ನು ಎಂಜಿನ್‌ನಿಂದ 5 ಮಿ.ಮೀ. ದೂರ ಇಡಿ. ಒಬ್ಬರು ಸೆಲ್ಫ್ ಹೊಡೆಯಲಿ. ನೀಲಿ ಕಿಡಿ ಚಟಚಟ ಬಂದರೆ ಕಾಯಿಲ್, ಪಾಯಿಂಟ್, ಕಂಡೆನ್ಸರ್ ಸರಿ ಇವೆ. ಕ್ಯಾಪ್, ರೋಟರ್, ಪ್ಲಗ್ ವೈರ್‌ಗಳ ಕಡೆ ಹೋಗಿ. ಕಿಡಿ ಹಳದಿಯಾಗಿ ಸೊರಗಿದ್ದು, ಪಾಯಿಂಟ್ ನಡುವೆ ಜೋರಾಗಿ ಮಿಂಚುತ್ತಿದ್ದರೆ ಕಂಡೆನ್ಸರ್ ಮೇಲೆ ಅನುಮಾನ ಪಡಿ. ತಣ್ಣಗಿದ್ದಾಗ ಓಡಿ, ಬಿಸಿಯಾದ ಮೇಲೆ ನಿಲ್ಲುವ ಗಾಡಿಯಲ್ಲೂ ಕಂಡೆನ್ಸರ್ ಅಥವಾ ಕಾಯಿಲ್ ಕಾರಣವಿರಬಹುದು.

ಕಿಡಿಯೇ ಇಲ್ಲವಾದರೆ ಅದೇ ಬಲ್ಬ್ ತನ್ನಿ. ಮೊದಲು ಇಗ್ನಿಷನ್ ಸ್ವಿಚ್ಚಿನಿಂದ ಕಾಯಿಲ್‌ಗೆ ಕರೆಂಟ್ ಬರುತ್ತಿದೆಯೇ ನೋಡಿ. ಬರುತ್ತಿದ್ದರೆ ಬಲ್ಬನ್ನು ಡಿಸ್ಟ್ರಿಬ್ಯೂಟರ್ ಟರ್ಮಿನಲ್‌ಗೆ ಕೊಟ್ಟು ಸೆಲ್ಫ್ ಹೊಡೆಯಿರಿ. ಮಿಣುಕಿದರೆ ಪಾಯಿಂಟ್ ಕೆಲಸ ಮಾಡುತ್ತಿದೆ. ಒಂದೇ ಸಮ ಉರಿದರೆ ಪಾಯಿಂಟ್ ಮುಚ್ಚುತ್ತಿಲ್ಲ, ಇಲ್ಲವೇ ಕೊಳೆಯಾಗಿದೆ, ಅಥವಾ ಆ ಅರ್ತ್ ವೈರ್ ತುಂಡಾಗಿದೆ. ಉರಿಯಲೇ ಇಲ್ಲವೇ? ಡಿಸ್ಟ್ರಿಬ್ಯೂಟರ್‌ಗೆ ಹೋಗುವ ವೈರನ್ನು ಕಾಯಿಲ್ ಹತ್ತಿರ ಬಿಚ್ಚಿ, ಬಲ್ಬನ್ನು ಕಾಯಿಲ್‌ನ ಆ ಟರ್ಮಿನಲ್‌ಗೇ ಹಿಡಿಯಿರಿ. ಈಗ ಉರಿದರೆ ಶಾರ್ಟ್ ಆ ವೈರಿನಲ್ಲಿ ಅಥವಾ ಡಿಸ್ಟ್ರಿಬ್ಯೂಟರ್ ಒಳಗಿದೆ: ಪ್ಲಾಸ್ಟಿಕ್ ಬುಷ್ ಅಥವಾ ಕಂಡೆನ್ಸರ್ ನೋಡಿ. ಆಗಲೂ ಉರಿಯದಿದ್ದರೆ ಕಾಯಿಲ್ ಹೋಗಿದೆ.

ಮಳೆಗಾಲದಲ್ಲಿ ಮಿಸ್ ಹೊಡೆಯುವ ಗಾಡಿಯ ಕ್ಯಾಪ್ ಒಳಗೆ ಪೆನ್ಸಿಲ್ ಗೀರಿನಂಥ ಕಪ್ಪು ಗೆರೆ ಹುಡುಕಿ. ಸಿಕ್ಕರೆ ಕ್ಯಾಪ್ ಬದಲಿಸಿ, ಉಜ್ಜಿ ಪ್ರಯೋಜನವಿಲ್ಲ. ನಡುವಿನ ಕಾರ್ಬನ್ ಕಡ್ಡಿ ಒತ್ತಿದರೆ ಒಳಹೋಗಿ ಪುಟಿಯಬೇಕು.

ರೋಟರ್ ನೋಡಲು ಚೆನ್ನಾಗಿದ್ದರೂ ಒಳಗೇ ಸೋರುತ್ತಿರಬಹುದು. ಪರೀಕ್ಷೆ ಸುಲಭ. ಕ್ಯಾಪ್ ತೆಗೆದು, ಕಾಯಿಲ್‌ನ ದಪ್ಪ ವೈರನ್ನು ಇಕ್ಕಳದಲ್ಲಿ ರೋಟರ್‌ನ ಹಿತ್ತಾಳೆಯ ನಡುಭಾಗದಿಂದ 3 ಮಿ.ಮೀ. ಮೇಲೆ ಹಿಡಿದು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ಕಿಡಿ ಪದೇ ಪದೇ ರೋಟರ್‌ಗೆ ಹಾರಿದರೆ ಅದು ಒಳಗಿನಿಂದ ಶಾಫ್ಟಿಗೆ ಇಳಿಯುತ್ತಿದೆ ಎಂದರ್ಥ, ಆ ರೋಟರ್ ಬೇಡ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಂದ ತಂದ ಹೊಚ್ಚ ಹೊಸದಕ್ಕೂ ಈ ಪರೀಕ್ಷೆ ಮಾಡಿ. ಹೊಸದು ಪಾಸಾಗಿ, ಗಾಡಿ ಒಂದಷ್ಟು ದೂರ ಓಡುವ ತನಕ ಹಳೇ ಪಾರ್ಟ್ ಎಸೆಯಬೇಡಿ, ಡಿಕ್ಕಿಯಲ್ಲಿ ಇರಲಿ.