ಹರ್ಡಿ-ಗರ್ಡಿಗೆ ಹತ್ತಿ ಸುತ್ತುವ ಕೆಲಸ

ತಂಬೂರಿ ಶ್ರುತಿಯಲ್ಲಿ ಪಳಗಿದ ಕಿವಿಗೆ ಹರ್ಡಿ-ಗರ್ಡಿ ಎಂಬ ಯುರೋಪಿನ ತಂತಿವಾದ್ಯ ಬೇಗ ಹಿಡಿಸುತ್ತದೆ. ಇದರಲ್ಲಿ ಪಿಟೀಲಿನಂಥ ಕಮಾನಿನ ಬದಲು ಮರದ ಚಕ್ರ. ಬಲಗೈಯಲ್ಲಿ ಹಿಡಿ ತಿರುಗಿಸುತ್ತಿದ್ದರೆ ಅದು ತಂತಿಗಳನ್ನು ಉಜ್ಜುತ್ತಲೇ ಇರುತ್ತದೆ, ನಾದ ಕಡಿಯುವುದಿಲ್ಲ. ಎಡಗೈ ಕೀಲಿ ಒತ್ತಿ ಸ್ವರ ನುಡಿಸಿದರೆ ಪಕ್ಕದ ತಂತಿಗಳು ಷಡ್ಜ ಪಂಚಮ ಹಿಡಿದು ನಿಲ್ಲುತ್ತವೆ. ಸ್ಪೇನಿನ ಸಾಂತಿಯಾಗೊ ದೆ ಕೊಂಪೊಸ್ತೆಲಾದ ಚರ್ಚಿನಲ್ಲಿ, 1188ರ ಸುಮಾರಿನ ಕೆತ್ತನೆಯಲ್ಲಿ, ಇದರ ಮೂಲರೂಪವನ್ನು ಇಬ್ಬರು ಮುದುಕರು ತೊಡೆಗಳ ಮೇಲೆ ಅಡ್ಡ ಇಟ್ಟುಕೊಂಡಿದ್ದಾರೆ. ಆಗ ಒಂದು ವಾದ್ಯಕ್ಕೆ ಇಬ್ಬರು ಬೇಕಿತ್ತು. ನಾನು ನುಡಿಸುವುದು 18ನೇ ಶತಮಾನದ ಫ್ರೆಂಚ್ ಮಾದರಿ. ನುಡಿಸಲು ಒಬ್ಬರು ಸಾಕು, ರಿಪೇರಿಗೆ ಮಾತ್ರ ಇಬ್ಬರಿದ್ದರೂ ಸಾಲದು.

ಮುಖ್ಯ ಕೆಲಸ ಹತ್ತಿಯದು. ಚಕ್ರ ತಾಗುವ ಜಾಗದಲ್ಲಿ ಪ್ರತಿ ತಂತಿಗೂ ಹತ್ತಿ ಸುತ್ತಬೇಕು. ಸೌಂದರ್ಯದಂಗಡಿಯ ಹತ್ತಿ ಬೇಡ, ಅದರ ಎಳೆ ಗಿಡ್ಡ, ಪುಡಿಯಾಗುತ್ತದೆ. ಉದ್ದ ಎಳೆಯದನ್ನು ಬೆಳಕು ಕಾಣುವಷ್ಟು ತೆಳ್ಳಗೆ ಬಿಡಿಸಿ, ತಂತಿಗೆ ಹಚ್ಚಿ, ಬೆರಳಲ್ಲಿ ಹೊಸೆಯುತ್ತೇನೆ. ದೀಪದ ಬತ್ತಿ ಹೊಸೆದು ಗೊತ್ತಿದ್ದವರಿಗೆ ಕೈ ತಾನೇ ತಿರುಗುತ್ತದೆ. ಕಡಿಮೆಯಾದರೆ ತಂತಿ ಕಿರುಚುತ್ತದೆ, ಹೆಚ್ಚಾದರೆ ದನಿ ಮಂಕು. ಆಮೇಲೆ ಚಕ್ರಕ್ಕೆ ರೋಸಿನ್ ಎಂಬ ರಾಳ, ಅದೂ ಸವರಿದ ಹಾಗೆ. ಚಕ್ರವೇ ದುಂಡಗಿಲ್ಲದಿದ್ದರೆ ಇದೆಲ್ಲ ದಂಡ. ಅದಕ್ಕೇ, ಅಗ್ಗಕ್ಕೆ ಸಿಗುವ ಆನ್‌ಲೈನ್ ವಾದ್ಯವನ್ನು ನೋಡದೆ ಕೊಳ್ಳಬೇಡಿ ಎನ್ನುತ್ತೇನೆ. ಹಿಡಿ ನಿಧಾನಕ್ಕೆ ತಿರುಗಿಸಿ ಕೇಳಿ. ಸುತ್ತಿಗೊಮ್ಮೆ ದನಿ ಉಬ್ಬಿ ಇಳಿದರೆ ಬಿಟ್ಟು ಬನ್ನಿ.

ನನ್ನನ್ನು ಹಿಡಿದಿಟ್ಟದ್ದು ಅದರ ಝೇಂಕಾರ. ಒಂದು ತಂತಿ ಪುಟ್ಟ ಸಡಿಲ ಕುದುರೆಯ, ಅಂದರೆ ತಂತಿಯನ್ನು ಹೊರುವ ಮರದ ತುಂಡಿನ, ಮೇಲೆ ಕೂತಿರುತ್ತದೆ. ಮಣಿಕಟ್ಟನ್ನು ಝಾಡಿಸಿದಾಗ ಕುದುರೆಯ ಸಡಿಲ ಕಾಲು ಹಲಗೆಗೆ ಬಡಿದು ‘ಝರ್ರ್’ ಎನ್ನುತ್ತದೆ. ಹಿಡಿಯ ಒಂದು ಸುತ್ತಿನಲ್ಲಿ ಇಂಥ ನಾಲ್ಕು ಏಟು ಹಾಕಿದರೆ ಕುಣಿತದ ತಾಳ ಸಿದ್ಧ. ಅದರ ಬಿಗಿ ಹೊಂದಿಸಲು ದಾರ ಕಟ್ಟಿದ ಸಣ್ಣ ಬಿರಡೆಯೊಂದಿದೆ. ತಂಬೂರಿಯ ತಂತಿಯಡಿ ದಾರವಿಟ್ಟು ಜೀವ ಕೂರಿಸುವಾಗಿನಷ್ಟೇ ತಾಳ್ಮೆ ಇಲ್ಲೂ ಬೇಕು, ಕೂದಲೆಳೆಯಷ್ಟು ಆಚೀಚೆಯಾದರೂ ಸದ್ದು ಸತ್ತಂತೆ. ಮಳೆ ಬಂದರೆ ಮರ ಉಬ್ಬಿ ಕೀಲಿ ಅಂಟುತ್ತದೆ. ಚಳಿಗಾಲದ ಹೀಟರ್ ಹಾಕಿದರೆ ಎಲ್ಲ ಒಣಗಿ ಮತ್ತೆ ಮೊದಲಿಂದ.

ಇದರಲ್ಲಿ ಕಲ್ಯಾಣಿ ರಾಗದ ಸ್ವರಗಳು ಸಿಗುತ್ತವೆ, ಗಮಕ ಸಿಗದು. ಆದರೆ ಪ್ರತಿ ಕೀಲಿಯ ಮೇಲೂ ತಂತಿಗೊಂದರಂತೆ ತಿರುಗಿಸಬಹುದಾದ ಮರದ ಹಲ್ಲುಗಳಿವೆ. ಅಂತರ ಗಾಂಧಾರದ ಹಲ್ಲನ್ನು ತುಸು ಕೆಳಗೆ ತಿರುಗಿಸಿದರೆ ಅದು ಶ್ರುತಿಯಲ್ಲಿ ಕರಗಿಹೋಗುತ್ತದೆ. ಅಕಾರ್ಡಿಯನ್ನಿನ ಗಾಂಧಾರ ತುಸು ಮೇಲೆಯೇ ಕೂತಿರುವುದರಿಂದ, ಅದರ ಜೊತೆ ನುಡಿಸುವ ಸಂಜೆ ಮಾತ್ರ ಆ ಹಲ್ಲನ್ನು ಮತ್ತೆ ಮೇಲಕ್ಕೆ ತಿರುಗಿಸಿಕೊಂಡೇ ಹೋಗಬೇಕು.