ನಾರ್ಮೆರ್ ತೊಟ್ಟಿರುವುದು ಯಾವ ಕಿರೀಟ? ಆರಂಭದ ಫೇರೋಗಳ ಕೆತ್ತನೆ ಓದುವ ಬಗೆ

ಈಜಿಪ್ಟಿನ ಕಿರೀಟಗಳನ್ನು ಬಣ್ಣದಿಂದ ಗುರುತಿಸಲು ಹೊರಟರೆ ಶುರುವಿನಲ್ಲೇ ದಾರಿ ತಪ್ಪುತ್ತೀರಿ. ಕ್ರಿ.ಪೂ. 3100ರ ಸುಮಾರಿನ, ಆರಂಭದ ಫೇರೋ ನಾರ್ಮೆರ್‌ನ ಕೆತ್ತನೆ ಫಲಕ ಹಸಿರು ಛಾಯೆಯ ಬೂದು ಕಲ್ಲಿನದು. ಅದರಲ್ಲಿ ಬಿಳಿಯೂ ಇಲ್ಲ, ಕೆಂಪೂ ಇಲ್ಲ. ಆಕಾರವನ್ನೇ ನಂಬಬೇಕು. ಕಣ್ಣು ಪಳಗಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ವಸ್ತು ಸಿಗದು: ಎತ್ತರ ಸುಮಾರು 64 ಸೆಂ.ಮೀ., ಒಂದೊಂದು ಮುಖದಲ್ಲಿ ಒಂದೊಂದು ಕಿರೀಟ. ಎರಡೂ ಬದಿಯ ಸ್ಪಷ್ಟ ಫೋಟೊ ಮುಂದಿಟ್ಟುಕೊಳ್ಳಿ.

ಮೊದಲು ರಾಜನನ್ನು ಹುಡುಕಿ. ಸುತ್ತಲಿನವರಿಗಿಂತ ದೊಡ್ಡದಾಗಿ ಕೆತ್ತಿದವನೇ ಅವನು. ಶತ್ರುವಿನ ಜುಟ್ಟು ಹಿಡಿದು ಗದೆ ಎತ್ತಿರುವ ಕಡೆ ಅವನ ತಲೆಯ ಮೇಲಿರುವುದು ಬಿಳಿ ಕಿರೀಟ, ಹೆಜೆತ್. ನೀಳವಾಗಿ ಏರಿ, ಸಪೂರವಾಗಿ, ತುದಿಯಲ್ಲಿ ಗುಂಡಗಾಗುತ್ತದೆ. ಫಲಕ ತಿರುಗಿಸಿದರೆ ಮೇಲಿನ ಸಾಲಿನಲ್ಲಿ ಅದೇ ರಾಜ, ತಲೆ ಕಡಿದ ಹತ್ತು ಹೆಣಗಳತ್ತ ನಡೆದಿದ್ದಾನೆ. ಇಲ್ಲಿ ಕೆಂಪು ಕಿರೀಟ, ದೆಶ್ರೆತ್: ಚಪ್ಪಟೆ ತಲೆಯ ಟೋಪಿ, ಹಿಂಬದಿಯಲ್ಲಿ ನೆಟ್ಟಗೆ ಎದ್ದ ಪಟ್ಟಿ, ಮುಂದಕ್ಕೆ ಚಾಚಿ ತುದಿಯಲ್ಲಿ ಸುರುಳಿಯಾದ ಎಳೆ. ಕಲ್ಲು ಸವೆದ ಕಡೆ ಸುರುಳಿ ಕಾಣದೇ ಹೋಗಬಹುದು. ಆಗ ಹಿಂಬದಿಯ ಪಟ್ಟಿಯೇ ಗುರುತು. ಮುಖದೆದುರು ಬೆಕ್ಕುಮೀನು ಮತ್ತು ಉಳಿಯ ಚಿಹ್ನೆಗಳಿವೆ. ಅದೇ ಅವನ ಹೆಸರು, ಹಾಗಾಗಿ ಎರಡೂ ಕಿರೀಟ ಒಬ್ಬನವೇ ಎಂದು ಖಚಿತ.

ಈಗ ಅರ್ಥ. ಬಿಳಿ ಕಿರೀಟ ಮೇಲಿನ ಈಜಿಪ್ಟಿನದು, ರಣಹದ್ದಿನ ದೇವತೆ ನೆಖ್ಬೆತ್‌ಳ ಸೀಮೆ. ಕೆಂಪು ಕಿರೀಟ ಕೆಳಗಿನ ಈಜಿಪ್ಟಿನದು, ಅಂದರೆ ನಾಗದೇವತೆ ವಾಜೆತ್‌ಳ ಮುಖಜಭೂಮಿ. ನೈಲ್ ದಕ್ಷಿಣದಿಂದ ಉತ್ತರಕ್ಕೆ ಹರಿಯುವುದರಿಂದ ‘ಮೇಲಿನ’ದು ದಕ್ಷಿಣದಲ್ಲಿದೆ, ನಕ್ಷೆ ನೋಡುವಾಗ ಬಹಳ ಮಂದಿ ಇದನ್ನು ತಿರುವುಮುರುವು ಮಾಡುತ್ತಾರೆ.

ಈ ಹಂಚಿಕೆಯನ್ನು ನಾರ್ಮೆರ್‌ಗಿಂತ ಹಳೆಯ ವಸ್ತುಗಳಿಗೆ ಅಂಟಿಸಬೇಡಿ. ಸಿಕ್ಕಿರುವ ಅತಿ ಹಳೆಯ ಕೆಂಪು ಕಿರೀಟದ ಚಿತ್ರ ಇರುವುದು ನಕಾದಾದ ಮಡಕೆ ಚೂರಿನ ಮೇಲೆ, ಆ ಊರಿರುವುದು ದಕ್ಷಿಣದಲ್ಲಿ! ಉತ್ತರಕ್ಕೆ ಕೆಂಪು ಎಂಬ ಕಟ್ಟು ಆಮೇಲೆ ಗಟ್ಟಿಯಾದದ್ದು.

ಫಲಕದ ಮೇಲೆ ಜೋಡಿ ಕಿರೀಟ ಹುಡುಕಿ ದಣಿಯಬೇಡಿ, ಇಲ್ಲ. ಅದನ್ನು ಮೊದಲ ರಾಜವಂಶದ ರಾಜ ದೆನ್‌ನ ಪುಟ್ಟ ಕರಿಮರದ ಹಲಗೆಯಲ್ಲಿ ನೋಡಿ: ಕೆಂಪಿನೊಳಗೆ ಬಿಳಿ ಕಿರೀಟ ನಿಂತಿರುತ್ತದೆ. ಹಿಂದೆ ಪಟ್ಟಿ, ನಡುವೆ ಬಿಳಿ ಕಿರೀಟದ ಗುಂಡು ತುದಿ, ಮುಂದೆ ಸುರುಳಿ ಮೂರೂ ಇದ್ದರೆ ಮಾತ್ರ ಜೋಡಿ ಎನ್ನಿ.

ಕೆಂಪು ಕಿರೀಟ ಕಂಡಾಗ ಮೈಯನ್ನೂ ನೋಡಿ. ಹೆಣ್ಣಾಗಿದ್ದು ಬಿಲ್ಲುಬಾಣಗಳ ಗುರುತಿದ್ದರೆ ಅದು ನೇಯ್ತ್ ದೇವತೆ. ಹೆಸರಿನ ಸುತ್ತ ಅಂಡಾಕಾರದ ಉಂಗುರವಿದ್ದರೆ ಕೆತ್ತನೆ ಮೊದಲ ರಾಜವಂಶದ್ದಲ್ಲ. ಆಗಿನ ಹೆಸರುಗಳು ಅರಮನೆ ಗೋಡೆಯಂತೆ ಗೆರೆ ಎಳೆದ ಆಯತದೊಳಗಿರುತ್ತವೆ, ಸಾಮಾನ್ಯವಾಗಿ ಮೇಲೊಂದು ಗಿಡುಗ. ನೀಲಿ ಕಿರೀಟವಂತೂ ಹೊಸ ಸಾಮ್ರಾಜ್ಯದ ಕಾಲದ್ದು, ನಾರ್ಮೆರ್‌ಗಿಂತ ಸಾವಿರ ವರ್ಷಕ್ಕೂ ಹೆಚ್ಚು ಈಚಿನದು. ಇನ್ನು ಕಿರೀಟ ಚರ್ಮದ್ದೋ ಬಟ್ಟೆಯದ್ದೋ ಎಂದು ವಿವರಣೆಯಲ್ಲಿ ಖಚಿತವಾಗಿ ಬರೆಯಬೇಡಿ: ಇವುಗಳಲ್ಲಿ ಒಂದೇ ಒಂದು ನಿಜವಾದ ಕಿರೀಟವೂ ಇದುವರೆಗೆ ಸಿಕ್ಕಿಲ್ಲ.