ಭಾಷಣವನ್ನು ನಾನು ಕೊನೆಯಿಂದ ಕಟ್ಟುತ್ತೇನೆ

ಭಾಷಣ ಮುಗಿಸಿ ವೇದಿಕೆಯಿಂದ ಇಳಿದಾಗ ಹಿರಿಯರೊಬ್ಬರು ಕೈಹಿಡಿದು, "ಎಷ್ಟೊಂದು ವಿಷಯ ಹೇಳಿದಿರಿ!" ಎಂದರು. ಖುಷಿಯಾಗಿ, "ಯಾವುದು ಹಿಡಿಸಿತು ಸರ್?" ಎಂದು ಕೇಳಿದೆ. ಅವರು ತುಸು ತಡವರಿಸಿ, "ಎಲ್ಲವೂ ಚೆನ್ನಾಗಿತ್ತು" ಎಂದರು. ಒಂದು ಮಾತೂ ಅವರ ಮನಸ್ಸಿನಲ್ಲಿ ನಿಂತಿರಲಿಲ್ಲ.

ವಿಷಯ ರಕ್ತದಾನ, ನನಗಿದ್ದದ್ದು 15 ನಿಮಿಷ. ಅಷ್ಟರಲ್ಲೇ ವಿಜ್ಞಾನಿ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ರಕ್ತದ ಗುಂಪುಗಳನ್ನು ವಿವರಿಸಿದ್ದು, ರಕ್ತದಲ್ಲಿ ಏನೇನಿದೆ, ಯಾರು ಕೊಡಬಹುದು, ಯಾರು ಕೊಡಬಾರದು, ಜನರ ತಪ್ಪು ತಿಳಿವಳಿಕೆ ಎಲ್ಲವನ್ನೂ ತುಂಬಿದ್ದೆ. ತಪ್ಪು ಮಾಹಿತಿ ಒಂದೂ ಇರಲಿಲ್ಲ. ಆದರೂ ದಾನಕ್ಕೆ ಹೆಸರು ಬರೆಸಿದವರು ಇಬ್ಬರೇ.

ಕೆಲವು ತಿಂಗಳ ಮೇಲೆ ಅದೇ ವಿಷಯಕ್ಕೆ ಮತ್ತೆ ಕರೆ ಬಂತು. ಈ ಸಲ ಟಿಪ್ಪಣಿ ಬರೆಯುವ ಮೊದಲು ನನ್ನನ್ನೇ ಒಂದು ಪ್ರಶ್ನೆ ಕೇಳಿಕೊಂಡೆ: ಸಭೆಯಿಂದ ಮನೆಗೆ ಹೋದವರನ್ನು ಮನೆಯವರು "ಏನು ಹೇಳಿದರು?" ಎಂದು ಕೇಳಿದರೆ, ಇವರು ಒಂದೇ ವಾಕ್ಯದಲ್ಲಿ ಏನು ಹೇಳಬೇಕು? ಮೊದಲು ಹೊಳೆದದ್ದು "ರಕ್ತದಾನ ಶ್ರೇಷ್ಠ" ಎಂಬುದು. ಅದು ಎಲ್ಲರೂ ಒಪ್ಪುವ, ಯಾರನ್ನೂ ಕುರ್ಚಿಯಿಂದ ಎಬ್ಬಿಸದ ಮಾತು. ಎರಡು ಸಂಜೆ ಬರೆದು ಹೊಡೆದುಹಾಕಿದ ಮೇಲೆ ಸಿಕ್ಕಿದ್ದು ಇದು: "ರಕ್ತವನ್ನು ಬಹಳ ಕಾಲ ಕೂಡಿಡಲು ಬರುವುದಿಲ್ಲ, ಹಾಗಾಗಿ ಒಮ್ಮೆ ಕೊಟ್ಟರೆ ಸಾಲದು."

ಆ ವಾಕ್ಯ ಸಿಕ್ಕ ಕೂಡಲೇ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ತಾನಾಗಿಯೇ ತಿಳಿಯಿತು. ಲ್ಯಾಂಡ್‌ಸ್ಟೈನರ್ ಕಥೆ ನನಗೆ ಬಲು ಪ್ರಿಯ, ಆದರೆ ಅದು ಆ ವಾಕ್ಯಕ್ಕೆ ಹೆಗಲು ಕೊಡುವುದಿಲ್ಲ. ಬಿಟ್ಟೆ. ಹಿಂದಿನ ಸಲ ಮೂಲೆಯಲ್ಲಿ ಬಿದ್ದಿದ್ದ ಒಂದು ವಿವರ ನಡುಮನೆಗೆ ಬಂತು: ಕೆಂಪು ರಕ್ತಕಣಗಳನ್ನು ತಂಪಿನಲ್ಲಿಟ್ಟರೂ ಸಾಮಾನ್ಯವಾಗಿ ಸುಮಾರು 6 ವಾರ ಮಾತ್ರ ಇಡಬಹುದು, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್‌ಗಳನ್ನು 5ರಿಂದ 7 ದಿನ ಅಷ್ಟೇ.

ಆಮೇಲೆ ಮುಕ್ತಾಯ ಬರೆದೆ. ಎಲ್ಲಿಗೆ ಹೋಗಬೇಕೆಂದು ಗೊತ್ತಾದ ಮೇಲೆ ತಾನೇ ದಾರಿ ಹುಡುಕುವುದು? "ಎಲ್ಲರೂ ಮುಂದೆ ಬನ್ನಿ" ಎಂಬ ಹಳೆಯ ಸಾಲನ್ನು ಹೊಡೆದು, "ಇವತ್ತು ಹೆಸರು ಬರೆಸಿ, ಮುಂದಿನ ಸಲ ಯಾವಾಗ ಎಂಬುದನ್ನೂ ಕೇಳಿಕೊಂಡೇ ಹೋಗಿ" ಎಂದು ಬರೆದೆ.

ನನ್ನ ಹೆಚ್ಚಿನ ಸಮಯ ಹಿಡಿದದ್ದು ನಡುವಿನ ಭಾಗ. ಅಲ್ಲಿ ನಾನು ಮಾಡುವ ಪರೀಕ್ಷೆ ಒಂದೇ. ಎರಡು ಭಾಗಗಳನ್ನು ಅದಲುಬದಲು ಮಾಡಿ ಓದುತ್ತೇನೆ. ಏನೂ ಕೆಡದಿದ್ದರೆ ಅವುಗಳ ನಡುವೆ ನಂಟಿಲ್ಲ, ಬರೀ ಪಟ್ಟಿ. "ಇನ್ನೊಂದು ವಿಷಯವೆಂದರೆ" ಎಂದು ನನ್ನ ಪೆನ್ನು ಬರೆದಾಗಲೆಲ್ಲ ಅಲ್ಲಿ ಜೋಡಣೆ ಬಿಟ್ಟಿದೆ ಎಂದೇ ಅರ್ಥ. "ಆದ್ದರಿಂದ", "ಹಾಗಿದ್ದರೂ" ಎಂಬ ಪದಗಳು ಸಹಜವಾಗಿ ಕೂತರೆ ಒಂದು ಭಾಗ ಮುಂದಿನದನ್ನು ಕರೆಯುತ್ತಿದೆ. ಓದುಗರು ಪುಟ ಹಿಂದೆ ತಿರುಗಿಸಬಹುದು, ಕೇಳುಗರಿಗೆ ಆ ಅನುಕೂಲವಿಲ್ಲ. ಅದಕ್ಕೇ ಪ್ರತಿ ತಿರುವಿನಲ್ಲೂ ಒಂದು ಸಣ್ಣ ಪ್ರಶ್ನೆ ಇಡುತ್ತೇನೆ: "ರಕ್ತ ಉಳಿಯುವುದಿಲ್ಲ ಅಂದಮೇಲೆ, ಆಸ್ಪತ್ರೆಗಳು ಹೇಗೆ ನಿಭಾಯಿಸುತ್ತವೆ?"

ಈ ಜೋಡಣೆಯನ್ನು ನಾನು ಕಲಿತದ್ದು ಅಮೆರಿಕದ ಅಧ್ಯಕ್ಷರಾಗಿದ್ದ ಲಿಂಕನ್‌ ಅವರ ಗೆಟಿಸ್ಬರ್ಗ್ ಭಾಷಣದಿಂದ; ಅಂತರ್ಯುದ್ಧದಲ್ಲಿ ಮಡಿದ ಸೈನಿಕರ ಸ್ಮಶಾನದ ಸಮರ್ಪಣೆಯಲ್ಲಿ ಆಡಿದ ಮಾತು ಅದು. 1863ರ ನವೆಂಬರ್ 19ರಂದು ಅಲ್ಲಿ ಮುಖ್ಯ ಭಾಷಣಕಾರರಾಗಿದ್ದ ಎಡ್ವರ್ಡ್ ಎವರೆಟ್ ಸುಮಾರು 2 ಗಂಟೆ ಮಾತಾಡಿದರು, ಲಿಂಕನ್ ಎರಡು-ಮೂರು ನಿಮಿಷ, ಸುಮಾರು 270 ಪದ. ದೇಶ ಹುಟ್ಟಿದ 87 ವರ್ಷ ಹಿಂದಿನ ಮಾತು, ಆಗ ನಡೆಯುತ್ತಿದ್ದ ಯುದ್ಧ, ಬದುಕಿರುವವರ ಪಾಲಿಗೆ ಉಳಿದ ಕೆಲಸ: ಈ ಮೂರನ್ನು ಹಿಂದುಮುಂದು ಮಾಡಲು ಆಗುವುದೇ ಇಲ್ಲ. ಮರುದಿನ ಎವರೆಟ್ ಪತ್ರ ಬರೆದು, ನೀವು ಎರಡು ನಿಮಿಷದಲ್ಲಿ ಮುಟ್ಟಿದ ತಿರುಳಿನ ಹತ್ತಿರಕ್ಕೆ ನಾನು ಎರಡು ಗಂಟೆಯಲ್ಲಿ ಬಂದಿದ್ದರೂ ಸಂತೋಷಪಡುತ್ತಿದ್ದೆ ಎಂಬರ್ಥದ ಮಾತು ಹೇಳಿದರು. ಆ ಪತ್ರದ ದೊಡ್ಡತನಕ್ಕೆ ನಾನು ಇಂದಿಗೂ ತಲೆಬಾಗುತ್ತೇನೆ.

ಒಂದು ಕಡೆ ಮಾತ್ರ ಹಳೆಯ ಕ್ರಮವನ್ನು ಬಿಟ್ಟೆ. ಪ್ರಾಚೀನ ರೋಮಿನ ವಾಗ್ಮಿಗಳ ಕ್ರಮದಲ್ಲಿ ಮೊದಲು ಸಮರ್ಥನೆ, ಆಮೇಲೆ ಆಕ್ಷೇಪಕ್ಕೆ ಉತ್ತರ. ವಾದ ಮಂಡಿಸುವಾಗ ಅದು ಸರಿ. ಆದರೆ ನನ್ನೆದುರು ಕೂತವರಲ್ಲಿ ಇದ್ದದ್ದು ವಾದವಲ್ಲ, ಸೂಜಿಯ ಭಯ, ಸುಸ್ತಾಗುವ ಅಂಜಿಕೆ. ಭಯ ಇಟ್ಟುಕೊಂಡು ಕೂತವರ ಕಿವಿಗೆ ಮುಂದಿನ ಮಾತು ಇಳಿಯುವುದಿಲ್ಲ. ಅದನ್ನು ಎರಡನೆಯ ನಿಮಿಷದಲ್ಲೇ ಎತ್ತಿ ಮಾತಾಡಿದೆ.

ಪೀಠಿಕೆ ಬರೆದದ್ದು ಎಲ್ಲಕ್ಕಿಂತ ಕೊನೆಗೆ. ವೇದಿಕೆಯ ಮೇಲಿದ್ದವರಿಗೆ ಒಂದೇ ಸಾಲಿನಲ್ಲಿ ವಂದಿಸಿ ನೇರವಾಗಿ ಶುರು ಮಾಡಿದೆ: "ಇಂದು ಸಂಗ್ರಹಿಸಿದ ಪ್ಲೇಟ್‌ಲೆಟ್ ಇನ್ನು ಹತ್ತು ದಿನಕ್ಕೆ ಯಾರಿಗೂ ಉಪಯೋಗವಿಲ್ಲ."

ಉದ್ದದ ಲೆಕ್ಕ ಸರಳ. ನಿಲುಗಡೆಗಳೂ ಸೇರಿ ನಾನು ನಿಮಿಷಕ್ಕೆ ಸುಮಾರು 90 ಪದ ಆಡುತ್ತೇನೆ. 15 ನಿಮಿಷ ಕೊಟ್ಟರೆ 12ಕ್ಕೆ ಬರೆಯುತ್ತೇನೆ, ಅಂದರೆ 1,100 ಪದದ ಒಳಗೆ. ಜೋರಾಗಿ ಓದಿ ಗಡಿಯಾರ ನೋಡುತ್ತೇನೆ, ಮನಸ್ಸಿನಲ್ಲೇ ಓದಿದರೆ ಸಮಯ ಮೋಸ ಮಾಡುತ್ತದೆ. ಕೈಯಲ್ಲಿರುವ ಚೀಟಿಯಲ್ಲಿ ಮೊದಲ ವಾಕ್ಯ, ಕೊನೆಯ ವಾಕ್ಯ, ನಡುವಿನ ಪ್ರಶ್ನೆಗಳು. ಅಷ್ಟೇ.

ಆ ದಿನ ಇಳಿದು ಬಂದಾಗ ತರುಣಿಯೊಬ್ಬರು ಕಾಯುತ್ತಿದ್ದರು. "ನಾನು ಹೋದ ವರ್ಷ ಒಂದು ಸಲ ಕೊಟ್ಟಿದ್ದೆ, ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಹೆಸರು ಎಲ್ಲಿ ಬರೆಸಬೇಕು?" ಎಂದು ಕೇಳಿದರು.